ಮಗುಚಿ ಕೂರಿಸಿದ ಆಕ್ಸಲ್

ಗಾಲಿಕುರ್ಚಿಗೂ ಕಾರಿನ ಹಿಂದಿನ ಸೀಟಿಗೂ ಎತ್ತರದಲ್ಲಿ ಮೂರೇ ಮೂರು ಇಂಚು ವ್ಯತ್ಯಾಸ. ಗುಮಾಸ್ತನ ಗ್ರಹಚಾರ ಕೆಟ್ಟದ್ದು ಆ ಮೂರು ಇಂಚಿನಲ್ಲಿ.

ಸೊಂಟದ ಮೂಳೆ ಮುರಿದುಕೊಂಡ ತಾಯಿಯನ್ನು ಅವನು ಅವತ್ತು ನಾಲ್ಕು ಗಂಟೆಯೊಳಗೆ ಆಸ್ಪತ್ರೆಯಿಂದ ಮನೆಗೆ ತರಬೇಕಿತ್ತು. "ಎತ್ತಬಾರದು, ಕುಲುಕಬಾರದು. ಕೂಡಿಸಿದ ಮೂಳೆ ಜರುಗಿದ್ರೆ ಆಮೇಲೆ ನಮ್ಮ ಕೈಲಿ ಏನೂ ಆಗಲ್ಲ," ಅಂದಿದ್ದರು ಡಾಕ್ಟರು. ಆಂಬ್ಯುಲೆನ್ಸ್ ಕೇಳಿದ್ದಕ್ಕೆ ನರ್ಸು, "ಅದಿರೋದು ಕರ್ಕೊಂಡು ಬರೋಕೆ. ವಾಪಸ್ ಕಳಿಸೋದು ಸತ್ತೋರನ್ನ ಮಾತ್ರ," ಅಂದಿದ್ದಳು.

ಉಳಿದದ್ದು ಅವನ ಹಳೇ ಕಾರು. ಮಲಗಿದ್ದ ಎಮ್ಮೆ ಏಳುವಾಗ ಅರ್ಧಕ್ಕೇ ನಿಂತಂತೆ ಅದರ ಹಿಂಭಾಗ ಎತ್ತರ. ಸಣ್ಣ ಕಲ್ಲು ಸಿಕ್ಕರೂ ಹಿಂದೆ ಕೂತವರ ತಲೆ ಚಾವಣಿಗೆ.

"ಯಾಕಪ್ಪಾ ಯೋಚ್ನೆ? ನಾನಿಲ್ವಾ?" ಅಂದರು ಪಕ್ಕದ ಮನೆಯ ಸ್ಪ್ಯಾನರ್ ಮಾವ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ಇದ್ದು ನಿವೃತ್ತರಾದವರು.

ಎದುರುಮನೆ ಟೈಲರು ಟೇಪು ಹಿಡಿದು ಬಂದು ಅಳೆದ. "ಮೂರಿಂಚು ಇಳಿಸ್ಬೇಕು. ಪ್ಯಾಂಟಾಗಿದ್ರೆ ಮಡಚಿ ಹೊಲಿದ್ಬಿಡ್ತಿದ್ದೆ."

ಮಾವ ಕಾರಿನಡಿ ತೂರಿದರು. "ನೋಡೋ, ಸ್ಪ್ರಿಂಗ್ ಪಟ್ಟಿ ಮೇಲಿದೆ, ಚಕ್ರ ತಿರುಗಿಸೋ ಆಕ್ಸಲ್ ಕೆಳಗಿದೆ. ಆಕ್ಸಲ್ ಪಟ್ಟಿ ಮೇಲೆ ಬಂದ್ರೆ ಗಾಡಿ ತಾನೇ ಇಳಿಯುತ್ತೆ. ಎರಡು ಪಟ್ಟಿ ತೆಗೆದ್ರೆ ತೊಟ್ಟಿಲು ಕಣೋ, ತೊಟ್ಟಿಲು!"

ಆದರೆ ಪಟ್ಟಿ ಕೂರುವ ಜಾಗ ಆಕ್ಸಲ್‌ನ ಮೇಲ್ಭಾಗದಲ್ಲಷ್ಟೇ ಇತ್ತು. ಕೆಳಗೂ ಅಂಥದ್ದೊಂದು ಬೆಸೆಯಲು ವೆಲ್ಡಿಂಗಿನವನನ್ನು ಹುಡುಕುವಷ್ಟು ಹೊತ್ತಿಲ್ಲ.

"ಮಗುಚಿಬಿಡಿ. ಎಡದ್ದು ಬಲಕ್ಕೆ, ಮೇಲಿಂದು ಕೆಳಕ್ಕೆ," ಅಂದ ಟೈಲರು. "ಹಳೇ ಕಾಲರ್ ತಿರುಗಿಸಿ ಹೊಲಿಯಲ್ವಾ, ಹಾಗೆ."

ಮೂವರೂ ಹೆಣ ಹೊರಳಿಸಿದ ಹಾಗೆ ಆಕ್ಸಲ್ ಹೊರಳಿಸಿದರು.

ಎರಡೂವರೆಗೆ ಎಲ್ಲ ಬಿಗಿಯಾಯಿತು. ಟೈಲರು ಮತ್ತೆ ಅಳೆದ. ಕುರ್ಚಿಗೂ ಸೀಟಿಗೂ ಈಗ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಗುಮಾಸ್ತ ಮೊದಲನೇ ಗೇರ್ ಹಾಕಿದ. ಕಾರು ಹಿಂದಕ್ಕೆ ಹೋಗಿ ಟೈಲರನ ಗೇಟು ಮುರಿಯಿತು. ಗಾಬರಿಯಲ್ಲಿ ರಿವರ್ಸ್ ಹಾಕಿದ. ಮುಂದಕ್ಕೆ ಬಂತು. ಮಗುಚಿದ ಆಕ್ಸಲ್ ಚಕ್ರಗಳನ್ನೂ ಉಲ್ಟಾ ತಿರುಗಿಸುತ್ತಿತ್ತು.

"ಮಾವಾ, ಡಿಪೋದಲ್ಲಿ ನೀವು ಯಾವ ಸೆಕ್ಷನ್ನು?"

"ಟಿಕೆಟ್ಟು," ಅಂದರು ಮಾವ, ಕೈಯ ಗ್ರೀಸ್ ಒರೆಸುತ್ತ. "ಆದ್ರೆ ಕಿಟಕಿಯಿಂದ ಎಲ್ಲಾ ಕಾಣಿಸ್ತಿತ್ತು."

ಮತ್ತೆ ಬಿಚ್ಚಲು ವೇಳೆಯಿರಲಿಲ್ಲ. ರಿವರ್ಸ್ ಗೇರಿನಲ್ಲೇ ಗೊರಗೊರ ಅನ್ನುತ್ತ, ನಡುಗುತ್ತ ಆಸ್ಪತ್ರೆ ತಲುಪಿದ. ಕುರ್ಚಿಯಿಂದ ಸೀಟಿಗೆ ತಾಯಿ ಬೆಣ್ಣೆಯಂತೆ ಜಾರಿದರು. ದಿಂಬಿಗೊರಗಿಸಿ, ಕಾಲು ಚಾಚಿಸಿ ಹೊರಟರೆ, ರಿವರ್ಸಿನ ಆ ನಡುಕಕ್ಕೆ "ಅಯ್ಯೋ, ಸತ್ತೆ!" ಅಂದರು. ಮೊದಲನೇ ಗೇರ್ ಹಾಕಿದ. ನಿಜಕ್ಕೂ ತೊಟ್ಟಿಲೇ. ಆದರೆ ಹಿಂದಕ್ಕೆ ಹೋಗುವ ತೊಟ್ಟಿಲು.

ಸರಿ, ಮನೆವರೆಗೂ ಹಿಮ್ಮುಖ. ಎದುರು ಬಂದವರೆಲ್ಲ ಬೈದರು. ಅವನು ಕತ್ತು ಪೂರ್ತಿ ತಿರುಗಿಸಿ ಹಿಂದಿನ ಗಾಜು ನೋಡಬೇಕು. ಗಾಜಿಗೂ ಅವನಿಗೂ ನಡುವೆ ತಾಯಿಯ ಮುಖ.

"ಬಿದ್ದ ದಿನ ಬಚ್ಚಲಿಂದ ಮೂರು ಸಲ ಕೂಗ್ದೆ ಕಣೋ," ಅಂದರು ತಾಯಿ. "ನೀನು ಮೊಬೈಲ್ ಹಿಡ್ಕೊಂಡು ಕೂತಿದ್ದೆ. ತಿರುಗಿ ಕೂಡ ನೋಡ್ಲಿಲ್ಲ."

"ಕೇಳಿಸ್ಲಿಲ್ಲಮ್ಮ."

"ಕೇಳಿಸ್ತು. 'ಬಂದೆ' ಅಂತ ನೀನೇ ಅಂದೆ."

ಮುಖ ತಪ್ಪಿಸಲು ಜಾಗವಿರಲಿಲ್ಲ. ತಪ್ಪಿಸಿದರೆ ಕಾರು ಮೋರಿಗೆ. ಮುಕ್ಕಾಲು ಗಂಟೆ ಅವನು ಆ ಮುಖವನ್ನೇ ನೋಡಿದ. ಅಮ್ಮ ಇಷ್ಟು ಬಡವಾಗಿದ್ದಾಳೆಂದು ಗೊತ್ತೇ ಇರಲಿಲ್ಲ.

ಮೂಳೆ ಜರುಗದೆ ತಾಯಿ ಹಾಸಿಗೆ ಸೇರಿದರು. ಗುಮಾಸ್ತ ಮಾತ್ರ ಕಾರಿನ ಪಕ್ಕ ಹಿಂದಕ್ಕೇ ನೋಡುತ್ತ ನಿಂತಿದ್ದ.

"ಒಳಗೆ ಬನ್ನೀಂದ್ರೆ! ಎಷ್ಟು ಸಲ ಕರೀಬೇಕು?" ಅಂದಳು ಹೆಂಡತಿ. "ತಿರುಗಿ ನೋಡೋಕೂ ಆಗಲ್ವಾ?"

ಆಗುತ್ತಿರಲಿಲ್ಲ. ಕತ್ತು ಹಿಡಿದುಬಿಟ್ಟಿತ್ತು. ಮುಟ್ಟಿದರೆ ಬೀದಿ ಕೇಳುವಂತೆ ಚೀರಿದ.

"ಅಲುಗಾಡಿಸ್ಬೇಡಿ!" ಅಂದರು ಮಾವ. ಅದೇ ಸೀಟು, ಅದೇ ದಿಂಬು. ತಿರುಗಿದ್ದ ಮುಖ ಡ್ರೈವರ್ ಸೀಟಿನ ಕಡೆಗೇ ಬರುವಂತೆ ಅವನನ್ನು ಒರಗಿಸಿ, ತಾವೇ ಮೊದಲನೇ ಗೇರ್ ಹಾಕಿ, ಹಿಂದಕ್ಕೆ ತಿರುಗಿ ಕೂತರು. ಗೇಣು ದೂರದಲ್ಲಿ ಅವರ ಮುಖ.

"ಹೇಗೂ ಇವತ್ತು ಕೈ ಕುದುರಿದೆ," ಅಂದರು ಉತ್ಸಾಹದಿಂದ. "ಆಸ್ಪತ್ರೆ ಬರೋಕೆ ಮುಕ್ಕಾಲು ಗಂಟೆ ಇದೆಯಲ್ಲ, ಮುಂದಿನ ಆಕ್ಸಲ್ ಏನ್ಮಾಡೋಣ ಅಂತ ವಿವರವಾಗಿ ಹೇಳ್ತೀನಿ ಕೇಳು."

ಗುಮಾಸ್ತನಿಗೆ ಮುಖ ತಿರುಗಿಸಲೂ ಆಗಲಿಲ್ಲ.