ಕರ್ಸಿವ್ ಮಾಸ್ತರರು ತಂದ ಸಾಕ್ಷಿ

ಇಷ್ಟೆಲ್ಲ ಗದ್ದಲಕ್ಕೆ ಮೂಲ ಒಂದು ‘ಜಿ’ ಅಕ್ಷರದ ಬಾಲ.

ಗೋಕಾಕದ ಒಂದು ಇಂಗ್ಲಿಷ್ ಮಾಧ್ಯಮದ ಶಾಲೆಯಲ್ಲಿ ಮೂರನೇ ಇಯತ್ತೆ ಓದುವ ಶಿವಾನಿ, ಊಟಕ್ಕೆ ಕರೆದರೂ ಏಳದೆ ನಾಲ್ಕು ಗೆರೆಯ ಕಾಪಿಯಲ್ಲಿ ಆ ಬಾಲವನ್ನು ಬರೆಯುತ್ತ, ಅಳಿಸುತ್ತ, ಮತ್ತೆ ಬರೆಯುತ್ತ ಕೂತಿದ್ದಳು. ಅವಳ ಅಪ್ಪ ವೀರಪ್ಪ ಟ್ರ್ಯಾಕ್ಟರ್ ಬಿಡಿಭಾಗಗಳ ವ್ಯಾಪಾರಿ. ಅವರು ಪಾಲಕರ ವಾಟ್ಸಾಪ್ ಗುಂಪಿಗೆ ತಮ್ಮ ದನಿಯನ್ನೇ ಕಳಿಸಿದರು.

“ರೊಟ್ಟಿ ಆರಿ ಹಪ್ಪಳಾತು, ಬಾಲ ಮಾತ್ರ ಮುಗೀವಲ್ದು. ಈ ಕೂಡಿಸಿ ಬರ್ಯೂದು ಯಾತಕ್ಕ ಬೇಕ್ರಿ ಈಗಿನ ಕಾಲಕ್ಕ? ಬಟನ್ ಒತ್ತಿದ್ರ ಅಕ್ಷರ ಬರ್ತಾವು. ಆ ಪಿರಿಯಡ್ ತಗದು ಕಂಪ್ಯೂಟರ್ ಹಾಕ್ರಿ.”

ಬೆಳಗಾಗುವಷ್ಟರಲ್ಲಿ ಅದರ ಕೆಳಗೆ ಒಪ್ಪಿಗೆಯ ಹೆಬ್ಬೆರಳುಗಳು ಅಣಬೆಯ ಹಾಗೆ ಎದ್ದಿದ್ದವು.

ಆ ಶಾಲೆಯಲ್ಲಿ ಹೀಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಬರೆಯುವ ಕರ್ಸಿವ್ ಕಲಿಸುವವರು ಗುರುಪಾದ ಮಾಸ್ತರರು. ಅವರಿಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ. ಗಣಿತ ಕಲಿಸಲು ಕೊಟ್ಟರೆ ಅಂಕಿಗಳಿಗೂ ಬಳುಕು ಕೊಡುತ್ತಿದ್ದರು. ಕಂಪ್ಯೂಟರಿನ ಮೌಸ್ ಅವರ ಕೈಯಲ್ಲಿ ಜೀವಂತ ಮೀನಿನಂತೆ ಜಾರುತ್ತಿತ್ತು. ನಿವೃತ್ತಿಗೆ ಇನ್ನೂ ಸಾಕಷ್ಟು ವರ್ಷ ಇತ್ತು. ಬೇರೆ ಕೆಲಸ ಹುಡುಕುವ ವಯಸ್ಸು ಮಾತ್ರ ದಾಟಿತ್ತು.

ಮುಂಜಾನೆ ಶಾಲೆಯ ಮುಖ್ಯೋಪಾಧ್ಯಾಯಿನಿ, ಹೆಡ್ ಬಾಯಿ ಅನ್ನಪೂರ್ಣಾ ಫೋನು ಮಾಡಿದರು. “ಮಾಸ್ತರ, ಇವತ್ತ ಸಂಜೀಕ ಪಾಲಕರ ಸಭಾ ಕರದಾರ. ಕರ್ಸಿವ್ ಇರಬೇಕೋ ಬ್ಯಾಡೋ ಅಂತ ಅಲ್ಲೇ ಠರಾವ್ ಆಗ್ತೈತಿ. ಅಲ್ಲೀತನಕ ನಿಮ್ಮ ಪಿರಿಯಡ್ ಇಟ್ಟಿಲ್ಲ.”

“ಮತ್ತ ನಾ ಏನ ಮಾಡ್ಲಿ ಬಾಯಿ?”

“ಅದ ನನಗೂ ತಿಳೀವಲ್ದು,” ಎಂದರು ಹೆಡ್ ಬಾಯಿ. ದನಿಯಲ್ಲಿ ಮರುಕವಿತ್ತು. ಮರುಕದಿಂದ ಪಿರಿಯಡ್ ಉಳಿಯುವುದಿಲ್ಲವಲ್ಲ.

ಸುದ್ದಿ ಗೋಡೆ ದಾಟಲು ಹೊತ್ತಾಗಲಿಲ್ಲ. ಪಕ್ಕದ ಮನೆಯ ರಾಯವ್ವ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹಿಡಿದು ಬಂದೇಬಿಟ್ಟಳು. “ಹಸಿದ ಹೊಟ್ಟೀಲೆ ಹೋಗಬ್ಯಾಡ್ರಿ ಮಾಸ್ತರ. ನೀವು ನನಗ ಸಹಿ ಮಾಡಾಕ ಕಲಿಸಿದ್ರಿ. ಹೆಬ್ಬೆಟ್ಟು ಒತ್ತೂದು ತಪ್ಪಿಸಿದ್ರಿ. ಅದನ್ನ ನಾ ಬಂದು ಸಭಾದಾಗ ಹೇಳ್ಲೇನು?”

ಮಾಸ್ತರರ ಮುಖ ಅರಳಿತು. “ಹೇಳಬೇ. ಈಗೂ ಸಹಿ ಮಾಡ್ತೀಯಲ್ಲ?”

“ಎಲ್ಲೀದು. ರೇಷನ್ನಿಗೆ ಹೋದ್ರ ಮಷಿನ್ ಮ್ಯಾಲೆ ಹೆಬ್ಬೆಟ್ಟ ಇಡ ಅಂತಾರ. ಬ್ಯಾಂಕಿನ್ಯಾಗೂ ಹಂಗ. ಸಹಿ ಮಾಡ್ತೇನಿ ಅಂದ್ರ ನಗತಾರ.”

ಅರಳಿದ ಮುಖ ಮತ್ತೆ ಮುದುಡಿತು. ಈ ಸಾಕ್ಷಿ ಬೇಡವೆಂದು ಅವರೇ ತೀರ್ಮಾನಿಸಿದರು.

ಆದರೂ ಸಾಕ್ಷಿ ಬೇಕು ಎಂಬ ವಿಚಾರ ತಲೆಯಲ್ಲಿ ಕೂತಿತು. ಹಳೆಯ ವಿದ್ಯಾರ್ಥಿಯೊಬ್ಬ ಬಂದು, ಈ ಅಕ್ಷರದಿಂದ ನನಗೆ ಒಳ್ಳೆಯದಾಯಿತು ಎಂದರೆ ಸಾಕು. ಪೇಟೆಯಲ್ಲಿ ಶಿದ್ಲಿಂಗಪ್ಪನ ಪಾತ್ರೆ ಅಂಗಡಿ ಇತ್ತು. ಮಾಸ್ತರರ ಕೈಯಲ್ಲಿ ಕಲಿತವನು, ಈಗ ಸ್ಟೀಲಿನ ಕೊಡ ತಟ್ಟೆಗಳ ಮೇಲೆ ಯಂತ್ರ ಹಿಡಿದು ಹೆಸರು ಕೊರೆಯುತ್ತಾನೆ.

ಮದುವೆಯ ದಿನಗಳು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಿದ್ಲಿಂಗಪ್ಪ ಗುರುಗಳ ಕಾಲು ಮುಟ್ಟಿ ನಮಸ್ಕರಿಸಿದ.

“ಬರ್ತೇನ್ರಿ ಸರ, ನಿಮಗಲ್ದ ಇನ್ಯಾರಿಗೆ ಬರಬೇಕು. ಆದ್ರ ಮದುವ್ಯಾಗ ಉಡುಗೊರಿ ಕೊಡೂ ಆಯೇರಿ ಕೊಡಗೋಳು ಅದಾವು, ಗಿರಾಕಿ ಟಮ್‌ಟಮ್ ಗಾಡಿ ತರಾಕ ಹೋಗ್ಯಾರ. ನಾ ಒಳಗಿಂದ ಹಂಡೇ ತಗೀತೇನಿ, ಅಷ್ಟರಾಗ ನೀವ ಹೆಸರ ಹಾಕ್ರಿ. ಚೀಟಿ ಅಲ್ಲೇ ಐತಿ.”

ಯಂತ್ರ ಕಣಜದಂತೆ ಗುಂಯ್‌ಗುಟ್ಟಿತು. ಸಾಣೆ ಹಿಡಿದಂತಹ ಹೊಳೆಯುವ ಕೊಡ, ಮೆತ್ತಗೆ ಓಡುವ ಮೊನೆ. ಇಂಥ ಕಾಗದ ಮಾಸ್ತರರಿಗೆ ಜನ್ಮದಲ್ಲಿ ಸಿಕ್ಕಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಹೊರಟಿತು. ಒಂದು ಅಕ್ಷರದ ತುದಿ ಮುಂದಿನದರ ಹೆಗಲ ಮೇಲೆ ಕೈ ಹಾಕಿತು, ಅದು ಅದರ ಮುಂದಿನದರ ಸೊಂಟ ಹಿಡಿಯಿತು. ಎಲ್ಲ ಕೊಡಗಳ ಮೇಲೂ ಇಂಗ್ಲಿಷ್ ಕರ್ಸಿವಿನಲ್ಲಿ ಹೆಸರು ಹಬ್ಬಿ ಮುಗಿಯಿತು.

ಗಿರಾಕಿ ಬಂದರು. ಒಂದು ಕೊಡ ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು.

“ನನ್ನ ಹೆಸರ ಎಲ್ಲೈತಿ?”

“ಇಲ್ಲೇ ಐತಲ್ರಿ.”

“ಇದು ಹೆಸರಲ್ರಿ, ಕುಂಬಳಬಳ್ಳಿ. ನಮ್ಮ ಬೀಗರು ಹುಕ್ಕೇರಿಯವರು. ಯಾರು ಕೊಡ ಕೊಟ್ರು, ಯಾರು ಬರೇ ಲೋಟ ಕೊಟ್ರು ಅಂತ ನೆನಪಿಟ್ಟು, ನಾಳೆ ನಮ್ಮ ಮನಿ ಮದುವಿಗೆ ಅದಕ್ಕ ತಕ್ಕಂಗ ತಿರುಗಿಸೋರು. ಈ ಬಳ್ಳಿ ನೋಡಿ ಅವರಿಗೇನ ತಿಳೀಬೇಕು? ನಾ ಕೊಟ್ಟಿದ್ದು ಇನ್ನೊಬ್ಬರ ಹೆಸರಿಗೆ ಹೋಗ್ತೈತಿ.”

ಅಂಗಡಿಯಲ್ಲಿದ್ದವರೆಲ್ಲ ಕೊಡದ ಸುತ್ತ ಸೇರಿದರು. ಒಬ್ಬರು ಇದು ಉರ್ದು ಎಂದರು. ಮತ್ತೊಬ್ಬರು ಕಂಪನಿಯ ಗುರುತಿರಬೇಕು ಎಂದರು. ಒಬ್ಬ ಮುದುಕಿ ರಂಗೋಲಿ ಚೆನ್ನಾಗಿದೆ ಎಂದು ಮೆಚ್ಚಿದಳು.

ಗಿರಾಕಿ ತಲೆ ಎತ್ತಿ ಮಾಸ್ತರರನ್ನೇ ನೋಡಿದರು. “ತಡೀರಿ. ನೀವ ಅಲ್ಲೇನ್ರಿ ನಮ್ಮ ಶಿವಾನಿಗೆ ಬಾಲ ಎಳಸೋರು?”

ವೀರಪ್ಪ. ಹೆಸರು ಕೊರೆಯುವಾಗ ಮಾಸ್ತರರು ಅಕ್ಷರದ ಬಳುಕನ್ನಷ್ಟೇ ನೋಡಿದ್ದರು, ಯಾರ ಹೆಸರೆಂದು ನೋಡಿರಲಿಲ್ಲ. ಗೋಕಾಕದಲ್ಲಿ ಇಷ್ಟು ಜನರಿರುವಾಗ ಕೊಡ ಇವರದೇ ಆಗಬೇಕಿತ್ತೇ ಎಂದು ಮಾಸ್ತರರು ಮನಸ್ಸಿನಲ್ಲೇ ಗೋಳಾಡಿದರು.

“ಈ ಒಂದು ಕೊಡ ನಾ ಸಭಾಕ್ಕ ತರ್ತೇನಿ,” ಎಂದ ವೀರಪ್ಪ ಅದನ್ನು ಕಂಕುಳಲ್ಲಿ ಇರುಕಿಕೊಂಡು ನಡೆದರು.

ಶಿದ್ಲಿಂಗಪ್ಪ ಬೇರೆ ಕೊಡಗಳನ್ನು ತೆಗೆದು ಹೊಸದಾಗಿ ಹೆಸರು ಕೊರೆಯಬೇಕಾಯಿತು. ಸಭೆಗೆ ಬರುವ ಮಾತೇ ಇಲ್ಲ. ಆದರೆ ಬೈಯಲಿಲ್ಲ. ಬಳ್ಳಿ ಹಬ್ಬಿದ ಕೊಡಗಳನ್ನು ಒರೆಸಿ ಅಟ್ಟದ ಮೇಲಿಟ್ಟ. “ಇವು ನಮ್ಮ ಮನ್ಯಾಗ ಇರ್ಲಿ ಸರ, ನಿಮ್ಮ ಕೈ ಅಕ್ಷರ ಐತಲ್ಲ. ನೀವು ಅರಭಾವಿಗೆ ಹೋಗ್ರಿ. ನಿಮ್ಮ ಹತ್ರ ಕಲತ ಸುಜಾತಾ ಅಲ್ಲೇ ಕಾಲೇಜಿನ ಮುಂದ ಝೆರಾಕ್ಸ್ ಅಂಗಡ್ಯಾಗ ಅದಾಳ. ಅವಳಂಗ ಬರ್ಯೋರು ನಿಮ್ಮ ಕೈಯಾಗ ಇನ್ನೊಬ್ರು ಆಗಿಲ್ಲ.”

ಅರಭಾವಿಯ ಬಸ್ಸಿನಲ್ಲಿ ಮಾಸ್ತರರು ನಿಂತೇ ಹೋದರು. ಒಂದು ಎಮ್ಮೆ ರಸ್ತೆ ಬಿಡದೆ ಬಸ್ಸನ್ನು ತನ್ನ ಮೆರವಣಿಗೆಯ ಗಾಡಿ ಮಾಡಿಕೊಂಡಿತ್ತು.

ಸುಜಾತಾ ಅವರನ್ನು ಕಂಡು ಅರ್ಧ ಝೆರಾಕ್ಸ್ ಬಿಟ್ಟು ಎದ್ದು ನಿಂತಳು. ಚಹಾ ತರಿಸಿ, ಸಂಗತಿ ಕೇಳಿ, ಮಾಲೀಕರ ಹತ್ತಿರ ಅರ್ಧ ದಿನದ ರಜೆ ಬೇಡಿದಳು. ಅವರು ಹುಬ್ಬು ಗಂಟು ಹಾಕಿದ್ದನ್ನು ಮಾಸ್ತರರಿಗೆ ಕಾಣದಂತೆ ಅಡ್ಡ ನಿಂತಳು.

ತಿರುಗಿ ಬರುವಾಗ ಸಿಕ್ಕ ಒಂದೇ ಸೀಟಿನಲ್ಲಿ ಅವರನ್ನು ಕೂರಿಸಿ, ತಾನು ಕಂಬ ಹಿಡಿದು ನಿಂತಳು.

“ಸಾಲೀ ಕಲಿಸೂ ಕೋರ್ಸ್ ಮಾಡಿದ್ದಿಯಲ್ಲವಾ ನೀ? ಝೆರಾಕ್ಸ್ ಯಾಕ ಹೊಡೀತಿ?”

“ಎಲ್ಲಾ ಸಾಲಿಗೂ ಅರ್ಜಿ ಹಾಕೇನ್ರಿ ಸರ. ಜಾಗಾ ಖಾಲಿ ಇಲ್ಲ ಅಂತಾರ.”

“ಎಲ್ಲೋ ಒಂದ ಕಡೆ ಆಗ್ತೈತಿ ತಡಿ,” ಎಂದು ಮಾಸ್ತರರು ಧಾರಾಳವಾಗಿ ಧೈರ್ಯ ಹೇಳಿದರು. ಧೈರ್ಯ ಅವರಲ್ಲಿ ಇದ್ದದ್ದೇ ಅಷ್ಟು, ಅದನ್ನೂ ಕೊಟ್ಟುಬಿಟ್ಟರು.

ಸಭೆಯಲ್ಲಿ ಆಗಲೇ ಕೊಡ ಬಂದು ಮೇಜಿನ ನಡುವೆ ಮುಖ್ಯ ಅತಿಥಿಯಂತೆ ಕೂತಿತ್ತು. ಸಂಸ್ಥೆಯ ಅಧ್ಯಕ್ಷ ಸದಾಶಿವಪ್ಪನವರು ಅದರ ಪಕ್ಕದಲ್ಲಿದ್ದರು. ವೀರಪ್ಪ ಎದ್ದರು.

“ಇದನ್ನ ಓದಿದವರಿಗೆ ಈ ಕೊಡ ಬಕ್ಷೀಸು. ಓದ್ರಿ.”

ಕೊಡ ಕೈಯಿಂದ ಕೈಗೆ ಹೋಯಿತು. ಯಾರೂ ಓದಲಿಲ್ಲ. ನಗೆ ಎದ್ದಿತು. ಮಾಸ್ತರರು ತಮ್ಮ ಅಂಗೈ ನೋಡಿಕೊಂಡು ಕೂತರು.

ಕೊಡ ಸುಜಾತಾಳ ಕೈಗೆ ಬಂತು. ಅವಳು ಒಂದು ಸಲ ನೋಡಿ, ತಡವರಿಸದೆ ಓದಿದಳು. ವೀರಪ್ಪನವರ ಹೆಸರು, ಅವರ ಅಪ್ಪನ ಹೆಸರು, ಊರು. ಆಮೇಲೆ ಕೊಡವನ್ನು ವೀರಪ್ಪನವರಿಗೇ ತಿರುಗಿ ಕೊಟ್ಟು, ಹಲಗೆಯ ಹತ್ತಿರ ಹೋಗಿ ಅದೇ ಹೆಸರನ್ನು ಸುಣ್ಣದ ಕಡ್ಡಿಯಲ್ಲಿ ದೊಡ್ಡದಾಗಿ ಬರೆದಳು. ನದಿ ತಿರುವಿನಲ್ಲಿ ನೀರು ಹೊರಳಿದಂತೆ ಅಕ್ಷರ ಹೊರಳಿತು. ನಗುತ್ತಿದ್ದವರು ಕತ್ತು ಚಾಚಿ ನೋಡಿದರು.

“ಇದರಿಂದ ಏನ ಉಪಯೋಗ ಅಂತ ಕೇಳಿದ್ರಿ,” ಎಂದಳು ಮೆಲ್ಲಗೆ. “ನೌಕರಿ ಸಿಕ್ತು ಅಂತ ಹೇಳಿದ್ರ ಸುಳ್ಳಾಗ್ತೈತಿ. ನಾ ಸಣ್ಣಾಕಿ ಇದ್ದಾಗ ನಮ್ಮ ಮನ್ಯಾಗ ಅಪ್ಪ ಅವ್ವ ಜೋರ ಮಾತಾಡ್ತಿದ್ರು. ಊಟದ ಹೊತ್ತಿಗೇ ಸುರು ಆಗ್ತಿತ್ತು. ಆವಾಗ ಕಾಪಿ ತಗೊಂಡು ಕುಂದರತಿದ್ದೆ. ಗೆರಿ ಮುಟ್ಟಬೇಕು, ದಾಟಬಾರದು, ಅದರ ಕಡೇನ ಲಕ್ಷ್ಯ. ಬರಿಯೂತನಕ ನನಗ ಮನ್ಯಾಗಿಂದು ಏನೂ ಕೇಳಸ್ತಿರಲಿಲ್ಲ. ಅಷ್ಟ ಉಪಯೋಗ ಆಗೈತ್ರಿ.”

ಊಟಕ್ಕೆ ಕರೆದರೂ ಕಾಪಿ ಬಿಟ್ಟೇಳದ ಶಿವಾನಿ ನೆನಪಾಗಿ ವೀರಪ್ಪ ತಮ್ಮ ಹೆಂಡತಿಯತ್ತ ನೋಡಿದರು. ಹೆಂಡತಿ ನೆಲ ನೋಡಿದರು. ವೀರಪ್ಪ ನಿಧಾನವಾಗಿ ಕೊಡವನ್ನು ಬೆಂಚಿನ ಕೆಳಗೆ ಸರಿಸಿದರು.

“ನನ್ನದೇನು ತಕರಾರಿಲ್ರಿ,” ಎಂದರು. “ಇರ್ಲಿ ಕರ್ಸಿವ್.”

ಇರಲಿ ಎಂದು ಎಲ್ಲರೂ ಕೈ ಎತ್ತಿದರು. ಅನ್ನಪೂರ್ಣಾ ಬಾಯಿ ಮಾಸ್ತರರ ಕಡೆ ತಿರುಗಿ ಕಣ್ಣಿನಲ್ಲೇ ನಕ್ಕರು. ಮುಂಜಾನೆಯಿಂದ ಮೊದಲ ಬಾರಿಗೆ ಗುರುಪಾದ ಮಾಸ್ತರರು ಬೆನ್ನು ಆನಿಸಿ ಕೂತರು. ಆನಿಸಿದ ಬೆನ್ನಿಗೆ ಕುರ್ಚಿಯ ತಂಪು ತಗಲುವಷ್ಟರಲ್ಲಿ ಅಧ್ಯಕ್ಷರು ಕೇಳಿದರು.

“ತಂಗಿ, ಆ ಅಂಗಡ್ಯಾಗ ನೀ ಮಾಡೂದು ಬರೇ ಝೆರಾಕ್ಸ್ ಏನು?”

“ಇಲ್ರಿ, ಟೈಪಿಂಗ್, ಡಿಸೈನು ಎಲ್ಲಾ ನಾನ ಮಾಡ್ತೇನ್ರಿ. ಕಂಪ್ಯೂಟರ್ ಡಿಪ್ಲೋಮಾ ಆಗೈತಿ.”

“ಸಾಲೀ ಕಲಿಸೂ ಕೋರ್ಸ್?”

“ಅದೂ ಆಗೈತ್ರಿ.”

ಅಧ್ಯಕ್ಷರು ಪಾಲಕರ ಕಡೆ ತಿರುಗಿದರು. ಕಳೆದ ವರ್ಷದಿಂದ ಹುಡುಕುತ್ತಿದ್ದ ಕನ್ನಡಕ ಹಣೆಯ ಮೇಲೇ ಸಿಕ್ಕವರಂತೆ ಇದ್ದರು. “ನೋಡ್ರಿ, ನೀವು ಕಂಪ್ಯೂಟರ್ ಕೇಳಿದ್ರಿ. ಈಗ ಕರ್ಸಿವೂ ಬೇಕಂದ್ರಿ. ಎರಡೂ ಒಬ್ಬರ ಕೈಯಾಗ ಐತಿ. ಮಾಸ್ತರ, ನೀವು ಭಾಳ ದೊಡ್ಡ ಉಪಕಾರ ಮಾಡಿದ್ರಿ. ಹುಡುಕಿದ್ರೂ ಇಂಥವರು ಸಿಗ್ತಿರಲಿಲ್ಲ.”

ಚಪ್ಪಾಳೆ ಬಿತ್ತು. ಮಾಸ್ತರರೂ ಚಪ್ಪಾಳೆ ತಟ್ಟಿದರು. ಅರ್ಧ ತಟ್ಟಿದ ಮೇಲೆ ಅರ್ಥವಾಯಿತು. ನಡುವೆ ನಿಲ್ಲಿಸಿದರೆ ಚೆನ್ನಾಗಿರುವುದಿಲ್ಲವೆಂದು ಉಳಿದರ್ಧವನ್ನೂ ತಟ್ಟಿದರು.

ಸುಜಾತಾಳ ಮುಖ ಸುಣ್ಣದಂತಾಯಿತು. “ಸರ ಇರೂ ಜಾಗಾ ನನಗ ಬ್ಯಾಡ್ರಿ.”

“ನೀ ಒಲ್ಲೆ ಅಂದ್ರ ಬ್ಯಾರೇದವರನ್ನ ತರ್ತೇವಿ, ತಂಗಿ. ಕಂಪ್ಯೂಟರ್ ಬರದವರನ್ನ ಇನ್ನ ಇಟ್ಕೊಳ್ಳಾಕ ಆಗೂದಿಲ್ಲ,” ಎಂದರು ಅಧ್ಯಕ್ಷರು. ಗದರಿಸಲಿಲ್ಲ, ಇದ್ದದ್ದನ್ನು ಹೇಳಿದರು.

ಮಾಸ್ತರರು ಅವಳ ಕಡೆ ನೋಡಿದರು. ಬಸ್ಸಿನಲ್ಲಿ ಕಂಬ ಹಿಡಿದಿದ್ದ ಕೈಗೆ ಈಗ ಸುಣ್ಣ ಮೆತ್ತಿತ್ತು. “ತಗೋವಾ,” ಎಂದರು. “ಬ್ಯಾರೇದವರು ಬಂದ್ರ ಹುಡುಗೂರ ಅಕ್ಷರ ಕೆಡಸ್ತಾರ.”

ಕಾಗದ ತರಿಸಿದರು. ಕೈಬರಹ ಉಳಿಸಲು ಈಗಷ್ಟೇ ಠರಾವು ಮಾಡಿದ ಮೇಲೆ ಆರ್ಡರನ್ನು ಪ್ರಿಂಟ್ ಹೊಡೆಯುವುದು ಶೋಭೆಯಲ್ಲ ಎಂದು ಅಧ್ಯಕ್ಷರಿಗೆ ಅನಿಸಿತು. ಸುಜಾತಾಳ ನೇಮಕದ ಆರ್ಡರನ್ನು ಮಾಸ್ತರರೇ ಬರೆದರು. ಒಂದಾದರೂ ಅಕ್ಷರ ಸೊಟ್ಟಗೆ ಬರಲಿ ಎಂದು ಒಳಗೊಳಗೇ ಆಸೆಪಟ್ಟರು. ಕೈ ಕೇಳಲಿಲ್ಲ. ಶುಭಾಶಯ ಪತ್ರದಂತೆ ಬಂತು.

“ಹಂಗ ನಿಮ್ಮ ಬಿಡುಗಡೆ ಆರ್ಡರ್ರೂ ಆಗ್ಲಿ,” ಎಂದರು ಅಧ್ಯಕ್ಷರು. “ಎರಡೂ ಒಂದ ಅಕ್ಷರದಾಗ ಇದ್ರ ಫೈಲಿನ್ಯಾಗ ಚಂದ ಕಾಣ್ತೈತಿ.”

ಪೆನ್ನು ಮಾಸ್ತರರ ಬೆರಳಿನಲ್ಲೇ ನಿಂತಿತು. ಸುಜಾತಾ ಮೆಲ್ಲನೆ ಅದನ್ನು ತೆಗೆದುಕೊಂಡಳು. “ಇದನ್ನ ನೀವು ಬರೀಬ್ಯಾಡ್ರಿ ಸರ. ನಾ ಬರೀತೇನಿ.”

ಅವಳು ಬರೆದು ಮುಗಿಸಿ ಕಾಗದ ಸರಿಸಿದಳು. ಮಾಸ್ತರರು ಕನ್ನಡಕ ಏರಿಸಿ ನೋಡಿದರು. ಇದು ತಮ್ಮದೇ ಅಕ್ಷರ. ತಮ್ಮನ್ನು ತಾವೇ ಕೆಲಸದಿಂದ ಬಿಡಿಸಿದಂತೆ ಇತ್ತು. ಬೆರಳು ಸಾಲಿನಿಂದ ಸಾಲಿಗೆ ಸರಿದು ತಮ್ಮ ಹೆಸರಿನ ಹತ್ತಿರ ನಿಂತಿತು.

“ಇಲ್ಲಿ ಪದದ ನಡುವ ಪೆನ್ ಎತ್ತಿದಿ.”

“ನಿಮ್ಮ ಹೆಸರ ಬಂತಲ್ರಿ ಸರ.”

“ಎತ್ತಬಾರದವಾ. ನಾಳೆಯಿಂದ ಹುಡುಗೂರಿಗೆ ನೀ ಹೇಳಾಕಿ.” ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬದಿಗಿಟ್ಟು, ಹೊಸ ಹಾಳೆಯೊಂದನ್ನು ಅವಳ ಮುಂದೆ ನೇರವಾಗಿ ಇಟ್ಟರು. “ಇನ್ನೊಮ್ಮೆ ಬರಿ.”