ಖುದ್ದಾಗಿ ಸಲ್ಲಿಸತಕ್ಕದ್ದು

ಹೆಂಡತಿ: ಸೊಳ್ಳೆ ಕಚ್ಚಿದ್ದು ಅಂತ ಇನ್ನೊಂದು ಸಲ ಹೇಳಿ, ನೋಡೋಣ.

ಸಾಹೇಬರು: ಮತ್ತೇನು, ಇರುವೆ ಅನ್ನಲಾ?

ಹೆಂಡತಿ: ಬೆನ್ನ ಮೇಲೆ ಹದಿನೇಳು, ಹೊಟ್ಟೆ ಮೇಲೆ ಒಂಬತ್ತು. ಬನಿಯನ್ ಒಳಗೆ ನುಗ್ಗಿ ಕಚ್ಚೋ ಸೊಳ್ಳೆ ಯಾವುದ್ರೀ ಅದು?

ಸಾಹೇಬರು: ಹಾಗಾದ್ರೆ ಬೆವರುಸಾಲೆ. ಇಸ್ತ್ರಿಯವನು ಗಂಜಿ ಜಾಸ್ತಿ ಹಾಕಿದ್ದಾನೆ.

ಹೆಂಡತಿ: ಬೆವರುಸಾಲೆಯಲ್ಲಿ ಇಷ್ಟು ದಪ್ಪ ನೀರಿನ ಗುಳ್ಳೆ ಏಳಲ್ಲ. ನೂರ ಒಂದು ಜ್ವರಾನೂ ಬರಲ್ಲ. ಇದು ಚಿಕನ್‌ಪಾಕ್ಸ್.

ಸಾಹೇಬರು: ಐವತ್ತೊಂಬತ್ತು ವರ್ಷದವನಿಗೆ ಮಕ್ಕಳ ಕಾಯಿಲೆ ಬಂತು ಅಂದ್ರೆ ನಾಲ್ಕು ಜನ ನಗ್ತಾರೆ ಕಣೇ.

ಹೆಂಡತಿ: ಹತ್ತಿರ ನಿಂತು ನಕ್ಕರೆ ಆ ನಾಲ್ಕು ಜನಕ್ಕೂ ಅಂಟುತ್ತೆ. ಷರಟು ಬಿಚ್ಚಿ.

ಸಾಹೇಬರು ಷರಟು ಬಿಚ್ಚಲಿಲ್ಲ. ಬಿಟ್ಟಿದ್ದ ಕತ್ತಿನ ಗುಂಡಿಯನ್ನೂ ಹಾಕಿಕೊಂಡರು. ವಿಶ್ವವಿದ್ಯಾಲಯದ ಆಡಳಿತ ಶಾಖೆಯ ಸೂಪರಿಂಟೆಂಡೆಂಟ್ ಅವರು. ಮೂವತ್ತೊಂದು ವರ್ಷದ ನೌಕರಿಯಲ್ಲಿ ಒಂದೇ ಒಂದು ದಿನ ರಜೆ ಹಾಕಿದವರಲ್ಲ. ನಿವೃತ್ತಿಗೆ ಇನ್ನು ಐದೇ ವಾರ. ಇವತ್ತು ಹನ್ನೊಂದು ಗಂಟೆಗೆ ದೊಡ್ಡ ಸಭಾಂಗಣದಲ್ಲಿ ಕುಲಪತಿಗಳು ‘ಪೂರ್ಣ ಹಾಜರಿ’ ಎಂದು ಕೆತ್ತಿದ ಫಲಕವನ್ನು ಅವರ ಕೈಗೆ ಕೊಡುವವರಿದ್ದರು. ಗ್ರಹಚಾರಕ್ಕೆ, ಆ ಸಮಾರಂಭ ನಡೆಯುತ್ತಿದ್ದದ್ದೇ ವಿದ್ಯಾರ್ಥಿಗಳಿಗೂ ಸಿಬ್ಬಂದಿಗೂ ಅಂಟುರೋಗಗಳ ಬಗ್ಗೆ ತಿಳಿವಳಿಕೆ ಕೊಡಲೆಂದು. ಸ್ವಾಗತ ಭಾಷಣವೂ ಸಾಹೇಬರದೇ. ಇನ್ನು ಅವರ ಹೆಂಡತಿ ಅದೇ ವಿಶ್ವವಿದ್ಯಾಲಯದ ಆರೋಗ್ಯ ಕೇಂದ್ರದಲ್ಲಿ ನರ್ಸು. ಹೀಗಾಗಿ ಕಾಯಿಲೆ ಬಚ್ಚಿಡುವ ಅನುಕೂಲ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಹೆಂಡತಿ: ಎಲ್ಲಿ, ನಿಮ್ಮ ಭಾಷಣದ ಮೊದಲನೇ ಸಾಲು ಓದಿ.

ಸಾಹೇಬರು: “ಸೋಂಕು ತಗುಲಿದವರು ಮನೆಯಲ್ಲೇ ಉಳಿಯುವುದು ಸಮಾಜದ ಮೇಲಿನ ಕಾಳಜಿಯ ಮೊದಲ ಲಕ್ಷಣ.”

ಹೆಂಡತಿ: ಚೆನ್ನಾಗಿದೆ. ಉಳೀರಿ.

ಸಾಹೇಬರು: ಅದು ಕೇಳೋರಿಗೆ ಬರೆದಿದ್ದು. ಓದೋನಿಗಲ್ಲ.

ಹೆಂಡತಿ: ಎರಡು ವಾರದ ಹಿಂದೆ ಯಾರ ಹತ್ತಿರ ಹೋಗಿದ್ರಿ?

ಸಾಹೇಬರು: ನಾನ್ಯಾಕೆ ಹೋಗ್ಲಿ? ಎಲ್ಲರೂ ನನ್ನ ಹತ್ತಿರ ಬರ್ತಾರೆ.

ಹೆಂಡತಿ: ಬಂದವರಲ್ಲಿ ಮೈಮೇಲೆ ಗುಳ್ಳೆ ಎದ್ದಿದ್ದವರು ಯಾರಾದ್ರೂ ಇದ್ರಾ?

ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಕಚೇರಿಯಲ್ಲಿ ಅವರು ಕನ್ನಡಕ ಒರೆಸಿದರೆ ಯಾವುದೋ ಕಡತ ಕಳೆದುಹೋಗಿದೆ ಎಂದು ಅರ್ಥ.

ಸಾಹೇಬರು: ಒಬ್ಬ ಬಂದಿದ್ದ. ಹಾಸ್ಟೆಲಿನವನು, ರಸಾಯನಶಾಸ್ತ್ರ, ಎರಡನೇ ವರ್ಷ. ರಜೆ ಅರ್ಜಿ ಕೊಡೋಕೆ.

ಹೆಂಡತಿ: ಅವನಿಗೆ ಕೋಣೆ ಬಿಟ್ಟು ಕದಲಬೇಡ ಅಂತ ನಾನೇ ಚೀಟಿ ಕೊಟ್ಟಿದ್ದೆ. ಅವನ್ಯಾಕೆ ಬಂದ?

ಸಾಹೇಬರು: ಕಾಯಿಲೆ ರಜೆಯ ಅರ್ಜಿಯನ್ನ ಖುದ್ದಾಗಿ ಸಲ್ಲಿಸತಕ್ಕದ್ದು ಅಂತ ಸುತ್ತೋಲೆ ಇದೆ.

ಹೆಂಡತಿ: ಬರೆದ ಮಹಾನುಭಾವರು ಯಾರು?

ಸಾಹೇಬರು: ನಮ್ಮ ಶಾಖೆಯಿಂದ ಹೋಗಿದ್ದು.

ಹೆಂಡತಿ: ನಿಮ್ಮ ಶಾಖೆಯಲ್ಲಿ ಸುತ್ತೋಲೆ ಬರೆಯೋರು ಯಾರು?

ಸಾಹೇಬರು: ಅಡ್ಡ ಪ್ರಶ್ನೆ ಹಾಕಬೇಡ. ಸ್ನೇಹಿತರ ಕೈಲಿ ಕಳಿಸೋ ಅರ್ಜಿ ಅರ್ಧಕ್ಕರ್ಧ ಸುಳ್ಳು. ಇವನೂ ಕೆಂಪು ಪೆನ್ನಲ್ಲಿ ಚುಕ್ಕೆ ಇಟ್ಕೊಂಡು ಬಂದಿರಬಹುದು ಅಂತ ಬೆಳಕಿಗೆ ಕರೆದು ನೋಡ್ದೆ.

ಹೆಂಡತಿ: ನೋಡಿದ್ದಷ್ಟೇನಾ?

ಸಾಹೇಬರು: ಹೆಬ್ಬೆರಳು ಒದ್ದೆ ಮಾಡ್ಕೊಂಡು ಒಂದು ಚುಕ್ಕೆ ಉಜ್ಜಿ ನೋಡ್ದೆ.

ಹೆಂಡತಿ: ಯಾವುದರಲ್ಲಿ ಒದ್ದೆ ಮಾಡ್ಕೊಂಡ್ರಿ?

ಸಾಹೇಬರು: ನಾಲಿಗೆಯಲ್ಲಿ. ಪುಟ ತಿರುಗಿಸೋ ಅಭ್ಯಾಸ ಅಲ್ವಾ.

ಹೆಂಡತಿ: ಉಜ್ಜಿದ ಮೇಲೆ?

ಸಾಹೇಬರು: ಅಳಿಸಲಿಲ್ಲ. ಅರ್ಜಿಯ ಇನ್ನೊಂದು ಪುಟ ತಿರುಗಿಸಿದೆ.

ಹೆಂಡತಿ ಹಣೆಗೆ ಕೈ ಹಚ್ಚಿಕೊಂಡು ಕುರ್ಚಿಯಲ್ಲಿ ಕೂತಳು. ನಗಬೇಕೋ ಬೈಯಬೇಕೋ ಅವಳಿಗೆ ತಿಳಿಯಲಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದಳು.

ಹೆಂಡತಿ: ಹೋಗಲಿ, ಅಷ್ಟೆಲ್ಲ ಪರೀಕ್ಷೆ ಮಾಡಿ ರಜೆ ಕೊಟ್ರಾ?

ಸಾಹೇಬರು: ಕೊಡಲಿಲ್ಲ. “ಅರ್ಜಿದಾರರು ಕಚೇರಿವರೆಗೆ ನಡೆದು ಬರುವಷ್ಟು ಆರೋಗ್ಯವಾಗಿದ್ದಾರೆ” ಅಂತ ಟಿಪ್ಪಣಿ ಬರೆದೆ. ಅವನಿಗೆ ಈಗ ಹಾಜರಿ ಕಮ್ಮಿ. ಪರೀಕ್ಷೆಗೆ ಕೂರೋ ಹಾಗಿಲ್ಲ.

ಹೆಂಡತಿ: ಅವನು ಅರ್ಜಿ ವಾಪಸ್ ತಗೊಂಡು ಹೋದ. ಕಾಯಿಲೆ ಮಾತ್ರ ನಿಮ್ಮಲ್ಲೇ ಸಲ್ಲಿಸಿ ಹೋದ.

ಸಾಹೇಬರು: ತಮಾಷೆ ಸಾಕು. ತುಂಬು ತೋಳಿನ ಷರಟು, ಮೂಗಿಗೆ ಮಾಸ್ಕ್, ಕೈಗೆ ಕೈಗವಸು. ಮೂಲೆಯಲ್ಲಿ ಕೂತು, ಫಲಕ ತಗೊಂಡು, ಹಾಗೇ ಬಂದುಬಿಡ್ತೀನಿ. ಹದಿನೈದು ನಿಮಿಷದ ಕೆಲಸ.

ಹೆಂಡತಿ: ಮುನ್ನೂರು ಜನ ಕೂರೋ ಸಭಾಂಗಣ. ನಿಮ್ಮ ಟೈಪಿಸ್ಟ್ ಮುಂದಿನ ಸಾಲಲ್ಲೇ ಇರ್ತಾಳೆ.

ಸಾಹೇಬರು: ಇರಲಿ. ಅವಳೇ ನನ್ನ ಭಾಷಣ ಟೈಪ್ ಮಾಡಿದ್ದು.

ಹೆಂಡತಿ: ಅವಳಿಗೆ ಈಗ ಏಳು ತಿಂಗಳು. ಚಿಕ್ಕವಳಿದ್ದಾಗ ಈ ಕಾಯಿಲೆ ಬಂದಿಲ್ಲ ಅಂತ ಅವಳೇ ನನಗೆ ಹೇಳಿದ್ದಾಳೆ. ಬಸುರಿಗೆ ಇದು ಅಂಟಿದ್ರೆ ತಾಯಿಗೂ ಅಪಾಯ, ಮಗೂಗೂ ಅಪಾಯ ರೀ.

ಸಾಹೇಬರು ಬಾಗಿಲ ಹಿಡಿಯ ಮೇಲಿದ್ದ ಕೈ ತೆಗೆದರು. ಆ ಹುಡುಗಿ ಅವರ ಕೈಬರಹವನ್ನು ಇದೇನೆಂದು ಕೇಳದೇ ಓದಬಲ್ಲ ಏಕೈಕ ವ್ಯಕ್ತಿ. ಅವಳ ಮೇಲೆ ಅವರಿಗೆ ಮಗಳ ಮೇಲಿನಷ್ಟೇ ಅಕ್ಕರೆ. ತೋರಿಸಿದರೆ ಸಲುಗೆಯಾದೀತೆಂದು ದಿನಾ ಗದರುತ್ತಿದ್ದರು.

ಸಾಹೇಬರು: ಗುಳ್ಳೆ ಏಳೋಕೆ ಮೊದಲೂ ಅಂಟುತ್ತಾ?

ಹೆಂಡತಿ: ಒಂದೆರಡು ದಿನ ಮೊದಲಿಂದಾನೇ.

ಸಾಹೇಬರು: ಸೋಮವಾರದಿಂದ ಅವಳು ರಜೆಯಲ್ಲಿದ್ದಳು. ಇವತ್ತು ಬರ್ತಾಳೆ. ಆ ಮೂರು ದಿನದ ರಜೆಗೆ ನಾನು ವಿವರಣೆ ಕೇಳಿ ಚೀಟಿ ಬರೆದಿದ್ದೀನಿ.

ಹೆಂಡತಿ: ಆ ರಜೆಯೇ ಅವಳನ್ನ ಕಾಪಾಡಿದ್ದು.

ಸಾಹೇಬರು: ಮೂವತ್ತೊಂದು ವರ್ಷ ಕಣೇ. ನಾನೇನು ದೊಡ್ಡ ಅಧಿಕಾರಿ ಆಗಲಿಲ್ಲ. ಹೇಳಿಕೊಳ್ಳೋಕೆ ನನ್ನ ಹತ್ತಿರ ಇರೋದು ಇದೊಂದೇ.

ಹೆಂಡತಿ: ನನಗೆ ಗೊತ್ತಿಲ್ವಾ? ದೊಡ್ಡವಳಿಗೆ ದಡಾರ ಆದಾಗ ಯಾರು ರಜೆ ಹಾಕಿದ್ದು? ಚಿಕ್ಕವನು ಕಾಲು ಮುರ್ಕೊಂಡಾಗ? ಮಾವನವರು ಮೂರು ತಿಂಗಳು ಮಲಗಿದಾಗ? ನಿಮ್ಮ ಹೆಸರಿನ ಮುಂದೆ ಒಂದೂ ರಜೆ ಇಲ್ಲ, ನಿಜ. ಎಲ್ಲಾ ನನ್ನ ಹೆಸರಿನ ಮುಂದೆ ಇದೆ.

ಸಾಹೇಬರಿಗೆ ನಾಚಿಕೆಯಾಯಿತು. ಇಷ್ಟು ವರ್ಷ ಊರವರ ಹಾಜರಿ ಪುಸ್ತಕವನ್ನೆಲ್ಲ ಕಣ್ಣಲ್ಲಿ ಕಣ್ಣಿಟ್ಟು ನೋಡಿದವರು ಇದೊಂದನ್ನು ನೋಡಿರಲಿಲ್ಲ. ಕೂತು ಬೂಟಿನ ಲೇಸು ಬಿಚ್ಚಿದರು. ಕಚೇರಿಯ ಗುಮಾಸ್ತನಿಗೆ ಫೋನು ಹಚ್ಚಿ, ಹೆಂಡತಿಗೂ ಕೇಳಲೆಂದು ಸ್ಪೀಕರ್ ಒತ್ತಿದರು.

ಸಾಹೇಬರು: ಇವತ್ತಿಂದ ನನಗೆ ಒಂದು ವಾರ ರಜೆ ಬರ್ಕೊಳ್ಳಯ್ಯ. ಚಿಕನ್‌ಪಾಕ್ಸ್.

ಗುಮಾಸ್ತ: ಯಾರು ಮಾತಾಡ್ತಿರೋದು?

ಸಾಹೇಬರು: ನಾನೇ, ನಿಮ್ಮ ಸೂಪರಿಂಟೆಂಡೆಂಟು.

ಗುಮಾಸ್ತ: ನಮ್ಮ ಸಾಹೇಬರು ರಜೆ ಕೇಳಲ್ಲ. ಅವರ ಹಾಗೆ ಮಾತಾಡಿ ತೋರಿಸೋರು ನಮ್ಮ ಶಾಖೆಯಲ್ಲೇ ಮೂರು ಜನ ಇದ್ದಾರೆ.

ಸಾಹೇಬರು: ಆ ಮೂವರೂ ಯಾರು ಅಂತ ಆಮೇಲೆ ವಿಚಾರಿಸ್ತೀನಿ.

ಗುಮಾಸ್ತ: ಅಯ್ಯೋ, ನೀವೇ ಸಾರ್. ಆದರೆ ಅರ್ಜಿ ಖುದ್ದಾಗಿ ತರಬೇಕಲ್ಲ.

ಸಾಹೇಬರು: ಬರೋ ಸ್ಥಿತಿಯಲ್ಲಿಲ್ಲ ಕಣಯ್ಯ.

ಗುಮಾಸ್ತ: ಬರದಿದ್ರೆ ಅರ್ಜಿ ಇಲ್ಲ, ಅದಕ್ಕೆ ರಜೆ ಇಲ್ಲ. ಬಂದ್ರೆ ಹುಷಾರಾಗಿದ್ದೀರಿ, ಆಗಲೂ ರಜೆ ಇಲ್ಲ. ನೀವೇ ಹೇಳಿಕೊಟ್ಟಿದ್ದು ಸಾರ್. ಬೇಕಾದ್ರೆ ವಿಡಿಯೋ ಕಾಲ್ ಮಾಡಿ, ಬೆಳಕಿಗೆ ಬಂದು ಒಂದು ಚುಕ್ಕೆ ಉಜ್ಜಿ ತೋರಿಸಿ. ಟಿಪ್ಪಣಿ ಬರೀತೀನಿ.

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

ಸಾಹೇಬರು: ಪೆನ್ನು ತಗೋ. ಹೊಸ ಸುತ್ತೋಲೆ. “ಅಂಟುರೋಗ ಬಂದವರು ಯಾವ ಕಾರಣಕ್ಕೂ ಕಚೇರಿಗೆ ಬರತಕ್ಕದ್ದಲ್ಲ. ಆರೋಗ್ಯ ಕೇಂದ್ರದ ಚೀಟಿಯನ್ನು ಫೋನಿನಲ್ಲಿ ಕಳಿಸಿದರೆ ಸಾಕು. ಆ ದಿನಗಳನ್ನು ಗೈರುಹಾಜರಿ ಎಂದು ಎಣಿಸತಕ್ಕದ್ದಲ್ಲ. ಹೋದ ತಿಂಗಳ ಒಂದನೇ ತಾರೀಕಿನಿಂದ ಅನ್ವಯ.” ಇವತ್ತೇ ಕುಲಸಚಿವರ ಸಹಿಗೆ ಇಡು. ರಸಾಯನಶಾಸ್ತ್ರದ ಆ ವಿದ್ಯಾರ್ಥಿ ಅರ್ಜಿ ಮತ್ತೆ ತರಿಸು. ಟೈಪಿಸ್ಟ್ ನನ್ನ ಕೋಣೆಗೆ ಕಾಲಿಡೋದು ಬೇಡ. ಅವಳಿಗೆ ಬರೆದ ಚೀಟಿ ಹರಿದು ಹಾಕು.

ಗುಮಾಸ್ತ: ಒಳ್ಳೇ ಉಪಾಯ ಸಾರ್. ಗೈರುಹಾಜರಿ ಅಲ್ಲ ಅಂದ್ಮೇಲೆ ನಿಮ್ಮ ದಾಖಲೆಯೂ ಉಳೀತು, ಫಲಕವೂ ಉಳೀತು.

ಸಾಹೇಬರಿಗೆ ಅದು ಅಲ್ಲಿಯವರೆಗೆ ಹೊಳೆದಿರಲಿಲ್ಲ. ಹೊಳೆದ ಮೇಲೆ ಒಂದು ಗಳಿಗೆ ಬಹಳ ಖುಷಿಯಾಯಿತು. ಫೋನನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು.

ಸಾಹೇಬರು: ನನ್ನದು ರಜೆ ಅಂತಲೇ ಬರಿ.

ಗುಮಾಸ್ತ: ಸಾರ್?

ಸಾಹೇಬರು: ಸ್ವಂತಕ್ಕೆ ನಿಯಮ ತಿದ್ದಿದ ಅಂತ ಒಬ್ಬ ಬಾಯಿ ಬಿಟ್ಟರೆ ಸುತ್ತೋಲೆ ಬಿದ್ದುಹೋಗುತ್ತೆ. ಆ ವಿದ್ಯಾರ್ಥಿ ಪರೀಕ್ಷೆಯೂ ಹೋಗುತ್ತೆ. ಫಲಕ ಬೇಡ ಅಂತ ಕುಲಪತಿಗಳಿಗೆ ತಿಳಿಸು.

ಫೋನು ಇಟ್ಟರು. ಹೆಂಡತಿ ಅವರ ಕತ್ತಿನ ಗುಂಡಿ ಬಿಚ್ಚಿ, ಭುಜದ ಮೇಲೆ ಗುಳ್ಳೆ ಇಲ್ಲದ ಜಾಗ ಹುಡುಕಿ ಕೈಯಿಟ್ಟಳು. ಅವಳಿಗೆ ಗಂಡನ ಮೇಲೆ ಇಷ್ಟೊಂದು ಹೆಮ್ಮೆಯಾಗಿ ಬಹಳ ವರ್ಷವಾಗಿತ್ತು. ಆಮೇಲೆ ಅವರ ಜೇಬಿನಿಂದ ಭಾಷಣದ ಹಾಳೆ ಎಳೆದುಕೊಂಡು ತನ್ನ ಚೀಲಕ್ಕೆ ಹಾಕಿದಳು.

ಸಾಹೇಬರು: ಎಲ್ಲಿಗೆ ಹೊರಟೆ?

ಹೆಂಡತಿ: ಸ್ವಾಗತ ಭಾಷಣ ಓದೋಕೆ. ನನಗೆ ಚಿಕ್ಕವಳಿದ್ದಾಗಲೇ ಬಂದು ಹೋಗಿದೆ, ಭಯವಿಲ್ಲ. ಡಾಕ್ಟರಿಗೆ ಹೇಳಿದ್ದೀನಿ, ಈಗ ಬಂದು ನೋಡ್ತಾರೆ. ಮಧ್ಯಾಹ್ನ ನಾನೂ ಬರ್ತೀನಿ.

ಸಾಹೇಬರು: ಅಂದ್ರೆ ನೀನು ರಜೆ ಹಾಕಲ್ವಾ? ಜ್ವರ ಇದೆ, ಒಬ್ಬನೇ ಹೇಗಿರಲಿ?

ಹೆಂಡತಿ: ನಾನು ರಜೆ ಹಾಕಬೇಕು ಅಂದ್ರೆ ಕೂತು ಒಂದು ಅರ್ಜಿ ಬರೀರಿ. ಬರೆದು ನನ್ನ ಆರೋಗ್ಯ ಕೇಂದ್ರಕ್ಕೆ ಖುದ್ದಾಗಿ ತಂದು ಕೊಡಿ. ಆದರೆ ಗುಳ್ಳೆ ಪೂರ್ತಿ ಒಣಗೋವರೆಗೆ ಈ ಕೋಣೆಯ ಹೊಸಿಲು ದಾಟಿದ್ರೆ ನೋಡಿ.