ಮೊರಗೈಯನ ಗೇಣು

ಬೆಳಿಗ್ಗೆ ಮೊರಗೈಯ ಮೀನಂಗಡಿ ತೆರೆದ ಕೂಡಲೇ ಎದುರಂಗಡಿಯ ಚಿಕ್ಕತ್ತೆ ಬಂದು ನಿಂತಳು. ಅವನ ಹೆಂಡತಿಯ ಚಿಕ್ಕಮ್ಮ, ಮೀನು ಮಾರುವುದರಲ್ಲಿ ಅವನಿಗೆ ಎದುರಾಳಿ.

"ಅಳಿಯಂದ್ರೇ, ನಿಮ್ಮ ಮಾವನಿಗೆ ದೊಡ್ಡ ಮೀನು ಸೇರಲ್ಲ. ನಿಮ್ಮ ಸಣ್ಣವು ಎರಡು ಕೊಡಿ."

ಕಟ್ಟಿಕೊಡಲು ಕಾಗದವಿರಲಿಲ್ಲ. ಪಕ್ಕದ ಕಂಬಕ್ಕೆ ಅಂಟಿಸಿದ್ದ ಸರಕಾರಿ ಪ್ರಕಟಣೆಯಿಂದ ಒಂದು ಹಾಳೆ ಕಿತ್ತು ಸುತ್ತಿಕೊಟ್ಟ.

ಅವಳು ಹೋದ ಮೇಲೆ, ಕಂಬದಲ್ಲಿ ಉಳಿದ ಹಾಳೆಯನ್ನು ಪಕ್ಕದಂಗಡಿಯ ಮೊಟ್ಟೆಯವನು ಗಟ್ಟಿಯಾಗಿ ಓದಿದ. ದೇಶ ನೆರೆದೇಶಗಳ ವ್ಯಾಪಾರ ಒಕ್ಕೂಟಕ್ಕೆ ಸೇರಿ ತಿಂಗಳಾಗಿತ್ತು. ಅದರ ನಿಯಮದಂತೆ ಇಪ್ಪತ್ತು ಸೆಂಟಿಮೀಟರಿಗಿಂತ ಗಿಡ್ಡ ಮೀನು ಮಾರುವಂತಿಲ್ಲ. ಇವತ್ತು ಮಧ್ಯಾಹ್ನ ಇನ್ಸ್‌ಪೆಕ್ಟರು ಬರುತ್ತಾರೆ. ಅವರ ಮುದ್ರೆ ಬೀಳದ ಅಂಗಡಿಗೆ ನಾಳೆಯಿಂದ ಬೀಗ.

"ಇಪ್ಪತ್ತು ಅಂದ್ರೆ ಎಷ್ಟಪ್ಪಾ?" ಎಂದ ಮೊರಗೈಯ.

"ಒಂದು ಗೇಣು," ಎಂದ ಮೊಟ್ಟೆಯವನು, ತನ್ನ ಕೋಳಿಗಳೆಲ್ಲ ಅದೇ ಅಳತೆ ನೋಡಿಕೊಂಡು ಮೊಟ್ಟೆಯಿಡುತ್ತವೆ ಎಂಬಷ್ಟು ಧೈರ್ಯದಿಂದ.

ಮೊರಗೈಯ ಮೀನಿನ ಪಕ್ಕ ಕೈ ಹರವಿದ. ಮೊರದಂಥ ಅಂಗೈಯಿಂದಲೇ ಅವನಿಗೆ ಆ ಹೆಸರು. ಹೆಬ್ಬೆರಳನ್ನು ಬಾಲಕ್ಕಿಟ್ಟರೆ ಕಿರುಬೆರಳು ಮೂತಿ ದಾಟಿ ಹಲಗೆಯ ಮೇಲೆ ಬಿತ್ತು. ಇನ್ನೊಂದು, ಮತ್ತೊಂದು, ಮೂರು ಬುಟ್ಟಿಯೂ ಗಿಡ್ಡವೇ.

"ಸ್ವಲ್ಪ ಎಳೆದು ನೋಡು," ಎಂದ ಮೊಟ್ಟೆಯವನು.

ಎಳೆದ. ಬಾಲ ಕೈಗೆ ಬಂತು.

"ಬಾಲ ಹಿಡಿದು ಯಾರಾದ್ರೂ ಎಳೀತಾರಾ?" ಎಂದು ಮೊಟ್ಟೆಯವನೇ ಬೈದ.

"ಮಂಜುಗಡ್ಡೆ ಕೆಳಗೆ ಬಚ್ಚಿಡು," ಎಂದಳು ಆಚೆ ಅಂಗಡಿಯ ಈರುಳ್ಳಿಯವಳು. ಬಚ್ಚಿಟ್ಟ. ಬಿಸಿಲೇರಿ ಮಂಜುಗಡ್ಡೆ ಕರಗಿ, ಮೀನುಗಳು ಒಂದೊಂದಾಗಿ ಇಣುಕತೊಡಗಿದವು.

ಕುಳಿತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಕೊನೆಗೆ ಎದುರಂಗಡಿಗೆ ಓಡಿದ. ಅಲ್ಲಿ ಒಂದೇ ಬುಟ್ಟಿ. ಒಂದೊಂದು ಮೀನೂ ತೋಳಿನುದ್ದ.

"ಅತ್ತೆ, ನನ್ನ ಎರಡು ಬುಟ್ಟಿ ತಗೊಂಡು ಈ ಒಂದು ಕೊಡಿ. ಅಂಗಡಿ ಹೋದ್ರೆ ನಿಮ್ಮ ಮಗಳಿಗೆ ಹೇಗೆ ಮುಖ ತೋರಿಸ್ಲಿ?"

ಯಾರಿಗೂ ಒಂದು ಕಿವಿರು ಕೂಡ ಬಿಟ್ಟುಕೊಡದ ಚಿಕ್ಕತ್ತೆ ನಿಟ್ಟುಸಿರಿಟ್ಟಳು. "ಮೂರೂ ಕೊಡಿ. ಮನೆಯವರಲ್ವಾ, ಇಲ್ಲ ಅನ್ನೋಕಾಗತ್ತಾ?"

ಬುಟ್ಟಿಗಳು ಅದಲುಬದಲಾದವು. ಇನ್ಸ್‌ಪೆಕ್ಟರು ಉಕ್ಕಿನ ಸ್ಕೇಲು ಹಿಡಿದು ಬಂದು ಮೊದಲು ಚಿಕ್ಕತ್ತೆಯ ಹಲಗೆಗೆ ಬಗ್ಗಿದರು.

"ಇಪ್ಪತ್ತೆರಡು. ಸರಿಯಾಗಿದೆ," ಎಂದು ಮುದ್ರೆ ಒತ್ತಿದರು.

ಮೊರಗೈಯ ಕಣ್ಣು ಕಣ್ಣು ಬಿಡುತ್ತಾ ತನ್ನ ಅಂಗೈ ನೋಡಿಕೊಂಡ. ಅಷ್ಟರಲ್ಲಿ ಸ್ಕೇಲು ಅವನ ಬುಟ್ಟಿಗೆ ಬಂತು.

"ಐವತ್ತು. ನಲವತ್ತು ದಾಟಿದ್ದೆಲ್ಲ ಮೊಟ್ಟೆಯಿಡೋ ತಾಯಿಮೀನು. ಮಾರೋ ಹಾಗಿಲ್ಲ."

"ಎಲ್ಲಿ ಬರೆದಿದೆ ಸ್ವಾಮಿ?"

"ಎರಡನೇ ಹಾಳೆಯಲ್ಲಿ."

ಮೀನೆಲ್ಲ ಸರಕಾರಿ ಗಾಡಿಯೇರಿತು. ಮುದ್ರೆ ಅವನ ಅಂಗಡಿಗೆ ಬೀಳದೆ ಇನ್ಸ್‌ಪೆಕ್ಟರ ಚೀಲ ಸೇರಿತು. ಮೊರಗೈಯ ಖಾಲಿ ಹಲಗೆಯ ಮುಂದೆ ಕುಸಿದು ಕುಳಿತಿದ್ದಾಗ ಚಿಕ್ಕತ್ತೆ ಮೀನಿನ ವಾಸನೆಯ ಕಾಗದವೊಂದನ್ನು ನೀಟಾಗಿ ಮಡಚಿ ತಂದಳು.

"ನಿಮ್ಮ ಎರಡನೇ ಹಾಳೆ ತಗೊಳ್ಳಿ ಅಳಿಯಂದ್ರೇ. ಬೆಳಿಗ್ಗೆ ಮೀನು ಬಿಚ್ಚುವಾಗಲೇ ಓದಿದೆ. ಬುಟ್ಟಿ ಬದಲಾಯಿಸಿ ಅಂತ ಹೇಗಪ್ಪಾ ನಿಮ್ಮನ್ನ ಕೇಳೋದು ಅಂತ ಒದ್ದಾಡ್ತಿದ್ದೆ, ನೀವೇ ಬಂದ್ರಿ." ಹೊರಟವಳು ತಿರುಗಿ ನಿಂತಳು. "ನಾಳೆಯಿಂದ ನಮ್ಮಂಗಡೀಲಿ ಮೀನು ಅಳೆಯೋಕೆ ಬನ್ನಿ. ಕೈ ಬೇಡ, ಸ್ಕೇಲು ನಾನೇ ಕೊಡ್ತೀನಿ."